ಮುದಕಮ್ಮನ ಮನೆಯ ಇಬ್ಬರು ಅಜ್ಜಪ್ಪ

ಹೇಮಪ್ಪ ಸತ್ತು ಒಂಬತ್ತು ವರ್ಷವಾಗಿದ್ದರೂ ಆ ಹೆಸರು ಅವನ ಹೆಂಡತಿ ಮುದಕಮ್ಮನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ಅವನು ಬದುಕಿದ್ದಾಗಲೂ ಬಂದಿರಲಿಲ್ಲ, ಆ ಮಾತು ಬೇರೆ. ಗಂಡನ ಹೆಸರನ್ನು ಹೆಂಡತಿ ಹೇಳಬಾರದು, ಮಾವನ ಹೆಸರನ್ನು ಸೊಸೆ ಹೇಳಬಾರದು. ಹಿಟ್ನಾಳದಿಂದ ಎರಡು ಹರದಾರಿ ಆಚೆಗಿದ್ದ ಆ ಕಾಲುವೆ ದಂಡೆಯ ಊರಿನಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿರುತ್ತಿತ್ತು. ಹೀಗಿರುವಾಗ ಅವಳ ಇಬ್ಬರು ಮಕ್ಕಳು, ಅಪ್ಪನ ಮೇಲೆ ಪ್ರೀತಿ ಯಾರಿಗೆ ಹೆಚ್ಚು ಎಂದು ಪಂದ್ಯ ಕಟ್ಟಿದವರಂತೆ, ತಮ್ಮ ತಮ್ಮ ಗಂಡುಕೂಸಿಗೆ ಹೇಮಪ್ಪನೆಂದೇ ಹೆಸರಿಟ್ಟರು. ಹಿರಿಯ ವಿರುಪಣ್ಣ ಇಟ್ಟಾದ ಮೇಲೆ ಕಿರಿಯ ಪಂಪಣ್ಣ ಬೇರೆ ಹೆಸರು ನೋಡಬಹುದಿತ್ತು. "ಅಪ್ಪ ಏನು ಅವನೊಬ್ಬಂಗ ಅಪ್ಪೇನು?" ಎಂದ.

ಕೂಸುಗಳನ್ನು ಕೂಗಿ ಕರೆಯಬೇಕಾದ ಮೂವರು ಹೆಂಗಸರಿಗೂ ಆ ಹೆಸರು ಹೇಳುವಂತಿರಲಿಲ್ಲ. ಹಾಗಾಗಿ ಎರಡೂ ಅಜ್ಜಪ್ಪ ಆದವು. ಬೇಕಾದಾಗ ದೊಡ್ಡ ಅಜ್ಜಪ್ಪ, ಸಣ್ಣ ಅಜ್ಜಪ್ಪ ಎನ್ನುತ್ತಿದ್ದರು. ಬೇಡವಾದಾಗ ಬರೀ ಅಜ್ಜಪ್ಪ. ಯಾರನ್ನು ಕರೆದರೆಂದು ತಿಳಿಯದೆ ಎರಡೂ ಒಟ್ಟಿಗೆ ತಿರುಗಿ ನೋಡುವುದು ಮನೆಯವರಿಗೆ ಒಂದು ಮೋಜಾಗಿತ್ತು.

ಎಂಬತ್ತಾರನೇ ಇಸವಿಯ ಅಕ್ಟೋಬರಿನಲ್ಲಿ ಊರ ಸಾಲಿಗೆ, ಎಂದರೆ ಶಾಲೆಗೆ, ಕೂಸುಗಳಿಗೆ ಪೋಲಿಯೋ ಹನಿ, ಸೂಜಿ ಹಾಕಲು ತಿಂಗಳಿಗೊಮ್ಮೆ ನರ್ಸಮ್ಮ ಬರತೊಡಗಿದಳು. ಗಂಗಾವತಿಯ ಮುಮ್ತಾಜಬೇಗಂ. ಹೆಗಲಿಗೆ ಬರ್ಫದ ಡಬ್ಬಿ, ಕಂಕುಳಲ್ಲಿ ಒಂದು ಉದ್ದನೆಯ ಪುಸ್ತಕ. ಹಿರಿಸೊಸೆ ದುರುಗವ್ವ ಒಂದೂವರೆ ವರ್ಷದ ದೊಡ್ಡ ಅಜ್ಜಪ್ಪನನ್ನು ಎತ್ತಿಕೊಂಡು ಹೋದಳು. ಅವಳ ಗಂಡ ವಿರುಪಣ್ಣ ಕಾಲುವೆಯ ಲಸ್ಕರ್, ತೂಬು ಎತ್ತಿಸುವವನು. ಸರಕಾರದ ಸಂಬಳ ತಿನ್ನುವವನಿಗೆ ಸರಕಾರದ ಸೂಜಿಯ ಮೇಲೆ ಅನುಮಾನವಿರಲಿಲ್ಲ.

"ಕೂಸಿನ ಹೆಸರೇನ್ರಿ?" ಮುಮ್ತಾಜಬೇಗಂ ಕೇಳಿದಳು.

"ಅಜ್ಜಪ್ಪ ಅಂತ ಬರಕೊರ್ರಿ."

"ತಂದಿ ಹೆಸರು?"

ದುರುಗವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಅದನ್ನ ನಾ ಹೆಂಗ ಹೇಳ್ಲಿ ನರ್ಸಮ್ಮಾ?"

ಹಿಂದೆ ನಿಂತಿದ್ದ ಆಚೆ ಓಣಿಯ ಮಾರೆವ್ವ ದಾರಿ ತೋರಿಸಿದಳು. "ಮುದಕಮ್ಮನ ಮನಿ ಅಂತ ಬರೀರಿ. ಊರಿಗೆಲ್ಲ ಗೊತ್ತೈತಿ."

ಮುಮ್ತಾಜಬೇಗಂಳೂ ಗಂಡನ ಹೆಸರು ಹೇಳದ ಮನೆಯಿಂದಲೇ ಬಂದವಳು. ಒತ್ತಾಯ ಮಾಡಲಿಲ್ಲ. ಪುಸ್ತಕದಲ್ಲೂ ಚೀಟಿಯಲ್ಲೂ 'ಅಜ್ಜಪ್ಪ, ಮುದಕಮ್ಮನ ಮನೆ' ಎಂದು ಬರೆದುಕೊಂಡಳು. ಮೂರು ತಿಂಗಳಲ್ಲಿ ಮೂರು ಸಲ ಹನಿ, ಮೂರು ಸಲ ಸೂಜಿ ಆದವು.

ಮೂರನೆಯ ಸಲ ಹುಡುಗನ ತೊಡೆ ಗಟ್ಟಿಯಾಗಿ ಊದಿಕೊಂಡಿತು. ಎರಡು ದಿನ ಜ್ವರ. ಮನೆಯಲ್ಲಿ ಜಗಳ ಹತ್ತಿದ್ದು ಅಲ್ಲಿಂದ. ಸಂಜೆ ಅಣ್ಣತಮ್ಮಂದಿರು ಊಟಕ್ಕೆ ಕುಳಿತಿದ್ದರು, ರೊಟ್ಟಿ, ಪುಂಡಿಪಲ್ಯ. ಒಳಗೆ ಕೂಸು ಕಿರಿಕಿರಿ ಅಳುತ್ತಿತ್ತು.

"ಜ್ವರ ಬರತೈತಿ ಅಂತ ನರ್ಸಮ್ಮ ಮೊದ್ಲ ಹೇಳಿದ್ಲಂತ. ಇಳೀತೈತಿ" ಎಂದ ವಿರುಪಣ್ಣ.

"ಹೇಳಿ ಬಡದ್ರೇನು, ಹೇಳದ ಬಡದ್ರೇನು?" ಪಂಪಣ್ಣ ರೊಟ್ಟಿ ಮುರಿದ. "ಸರಕಾರದ ಕೈ ಈ ಮನಿ ಮುಟ್ಟಿದ್ದು ಇದ ಮೊದ್ಲಲ್ಲ ಯಣ್ಣ. ನೀ ಮರತಿರಬೇಕು, ನಾ ಮರತಿಲ್ಲ."

ಹತ್ತು ವರ್ಷದ ಹಿಂದೆ, ಜೀಪುಗಳು ಊರೂರು ತಿರುಗಿ ಗಂಡಸರನ್ನು ಹತ್ತಿಸಿಕೊಂಡು ಹೋಗುತ್ತಿದ್ದ ವರ್ಷ, ಸಂತೆಗೆಂದು ಹೋದ ಹೇಮಪ್ಪ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡು ಕುಂಟುತ್ತ ಬಂದಿದ್ದ. ಗಾಯ ಕೀವಾಯಿತು. ಒಂದು ವರ್ಷ ನರಳಿ ಸತ್ತ. ಸತ್ತದ್ದು ಅದರಿಂದಲೋ ಅವನ ಹಳೆಯ ಕೆಮ್ಮಿನಿಂದಲೋ ಹೇಳಬಲ್ಲವರು ಯಾರೂ ಇರಲಿಲ್ಲ. ಪಂಪಣ್ಣನಿಗೆ ಮಾತ್ರ ಸಂಶಯವೇ ಇರಲಿಲ್ಲ, ಮುದಕಮ್ಮನಿಗೂ ಇರಲಿಲ್ಲ.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಕಿರಿಸೊಸೆ ಯಮನೂರಮ್ಮ ಅದೇ ಹೊತ್ತು ನೋಡಿ ಬಾಯಿ ತೆರೆದಳು.

"ಬರೋ ತಿಂಗಳ ನಮ್ಮವಗೂ ಹಾಕಸಬೇಕ್ರಿ."

"ಏನು?"

"ಹನಿ. ಸೂಜಿ."

"ಸುಮ್ಮನ ರೊಟ್ಟಿ ಹಾಕು."

ರೊಟ್ಟಿ ಹಾಕಿದಳು. ಸುಮ್ಮನೆ ಮಾತ್ರ ಇರಲಿಲ್ಲ. ಅವಳ ತವರು ಕುಷ್ಟಗಿ ಕಡೆ. ಅಲ್ಲಿ ಅವಳ ತಮ್ಮನಿಗೆ ಎರಡು ವರ್ಷವಿದ್ದಾಗ ಜ್ವರ ಬಂದು ಎರಡೂ ಕಾಲು ಬಿದ್ದುಹೋಗಿದ್ದವು. ಮದುವೆಯಾಗುವ ತನಕ ಅವನನ್ನು ಹೊತ್ತು ತಿರುಗಿಸಿದವಳು ಇವಳು. ಏಳು ತಿಂಗಳ ಮಗನ ಕಾಲು ತಿಕ್ಕಿ ಎರೆಯುವಾಗಲೆಲ್ಲ ಅವಳಿಗೆ ಆ ಕಾಲು ನೆನಪಾಗುತ್ತಿದ್ದವು.

ದಿನಾ ಊಟದ ಹೊತ್ತಿಗೆ ಅದೇ ಮಾತು ತೆಗೆದಳು. ಪಂಪಣ್ಣ ಊಟವನ್ನು ಹೊಲಕ್ಕೇ ಕಟ್ಟಿಸಿಕೊಂಡು ಹೋಗತೊಡಗಿದ. ಬುತ್ತಿ ಕಟ್ಟುವಾಗ ಹೇಳಿದಳು. ಮುದಕಮ್ಮ ನಡುವೆ ಬಂದಳು.

"ನಾ ಎಂಟು ಹಡದೀನಿ. ಯಾವದಕ್ಕ ಹಾಕ್ಸಿದ್ದೆ ಸೂಜಿ?"

"ಎಂಟರಾಗ ಎಷ್ಟು ಉಳದಾವ್ರಿ ಅತ್ತಿ?"

ಉಳಿದದ್ದು ಎರಡು. ಮುದಕಮ್ಮ ಮೂರು ದಿನ ಸೊಸೆಯ ಕೂಡ ಮಾತು ಬಿಟ್ಟಳು. ಯಮನೂರಮ್ಮನಿಗೂ ಆಮೇಲೆ ಕೆಡುಕೆನಿಸಿತು. ಆದರೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಸಂಕ್ರಾಂತಿಗೆ ಅವಳ ಅಪ್ಪ ಸಜ್ಜಿರೊಟ್ಟಿಯ ಗಂಟಿನ ಜೊತೆ ಆ ತಮ್ಮನನ್ನೂ ಬಸ್ಸಿನಲ್ಲಿ ಕರೆತಂದ. ಕರೆತರುವಂತೆ ಇವಳೇ ಹೇಳಿ ಕಳಿಸಿದ್ದಳು. ಹದಿನಾರರ ಹುಡುಗ, ಮೀಸೆ ಮೂಡಿತ್ತು. ಎರಡು ಅಂಗೈಗೂ ಹವಾಯಿ ಚಪ್ಪಲಿ ಸಿಕ್ಕಿಸಿಕೊಂಡು ಪಡಸಾಲೆಯಲ್ಲಿ ಕೈಮೇಲೆ ನಡೆದು ಬಂದು ಭಾವನ ಪಕ್ಕ ಊಟಕ್ಕೆ ಕುಳಿತ. ನಗುನಗುತ್ತಲೇ ಮಾತಾಡಿದ. ಮರುದಿನ ಬೆಳಿಗ್ಗೆ ಅಪ್ಪ ಇನ್ನೂ ಎದ್ದಿರಲಿಲ್ಲ, ಹುಡುಗನಿಗೆ ಬಯಲಿಗೆ ಹೋಗಬೇಕಾಗಿತ್ತು. ಪಂಪಣ್ಣನೇ ಬೆನ್ನ ಮೇಲೆ ಹೊತ್ತುಕೊಂಡು, ಒಂದು ಕೈಯಲ್ಲಿ ಚರಿಗೆ ಹಿಡಿದು ಹಳ್ಳದ ಕಡೆಗೆ ಹೋದ. ಕೂರಿಸಿದ, ಹಿಡಿದುಕೊಂಡು ನಿಂತ. ಹುಡುಗ ಅಲ್ಲಿ ನಗಲಿಲ್ಲ. "ಭಾವಾ, ಆ ಕಡೆ ಮುಖ ಮಾಡ್ರಿ" ಎಂದ.

ಬೀಗರು ಹೋದ ಮೇಲೆ ಪಂಪಣ್ಣ ಹೆಂಡತಿಯನ್ನು ಕರೆದ.

"ಹಾಕ್ಸು."

ಯಮನೂರಮ್ಮ ಮುಖ ನೋಡಿದಳು.

"ಆದ್ರ ನೀ ಹೋಗಬ್ಯಾಡ. ಅವ್ವ ಕರಕೊಂಡು ಹೋಗ್ಲಿ. ಅವ್ವನ ಕೈಗುಣ ಛಲೋ ಐತಿ. ಅವ್ವನ ಕೈಯಾಗಾದ್ರ ನನಗ ಧೈರ್ಯ."

ಹೇಗಿದ್ದರೂ ನಾಟಿಯ ದಿನಗಳು, ಸೊಸೆಯಂದಿರಿಬ್ಬರೂ ಹೊತ್ತು ಮೂಡುವ ಮೊದಲೇ ಗದ್ದೆಗೆ ಇಳಿಯಬೇಕಾಗಿತ್ತು. ಯಮನೂರಮ್ಮ ಒಪ್ಪಿದಳು. ಅಡಿಗೆಮನೆಗೆ ಹೋಗಿ ಗೋಡೆಗೆ ಮುಖ ಕೊಟ್ಟು ಅತ್ತಳು. ಅವಳ ಇಪ್ಪತ್ತೆರಡು ವರ್ಷದಲ್ಲಿ ಗೆದ್ದದ್ದು ಅದೊಂದೇ.

ನರ್ಸಮ್ಮ ಬರುವ ದಿನ ಮುದಕಮ್ಮ ಸಣ್ಣ ಅಜ್ಜಪ್ಪನಿಗೆ ಕುಲಾಯಿ ಕಟ್ಟಿ, ಹೆಗಲಿಗೆ ಹಾಕಿಕೊಂಡು ಸಾಲಿಗೆ ನಡೆದಳು. ಅಂದು ಪಕ್ಕದ ತಾಂಡಾದವರೂ ಬಂದಿದ್ದರು, ಅರವತ್ತು ಕೂಸುಗಳ ಕೂಗಾಟ. ಮುಮ್ತಾಜಬೇಗಂ ಒಬ್ಬಳೇ. ಬರ್ಫ ಕರಗುತ್ತಿತ್ತು. ಮುಂದಿದ್ದ ಕೂಸಿನ ತೊಡೆಗೆ ಸೂಜಿ ಇಳಿದು ಅದು ಕಿರುಚಿದಾಗ ಮುದಕಮ್ಮ ಮೊಮ್ಮಗನನ್ನು ಎದೆಗೆ ಒತ್ತಿಕೊಂಡಳು. ದೊಡ್ಡ ಅಜ್ಜಪ್ಪನ ಊದಿದ ತೊಡೆ, ಗಂಡನ ಕೀವು, ಎಲ್ಲ ಕಣ್ಣ ಮುಂದೆ ಬಂತು.

"ಹೆಸರು?"

ಮುದಕಮ್ಮನ ತುಟಿ ಅಲುಗಿತು. "ಅಜ್ಜಪ್ಪ."

"ಯಾರ ಮನಿ?"

"ನಮ್ಮನಿನ. ಮುದಕಮ್ಮನ ಮನಿ."

ಮುಮ್ತಾಜಬೇಗಂ ತಲೆಯೆತ್ತದೆ ಹಾಳೆ ತಿರುವಿದಳು, ಬೆರಳಿಟ್ಟು ನೋಡಿದಳು. "ಅಜ್ಜಪ್ಪ, ಮುದಕಮ್ಮನ ಮನಿ. ಇವಗ ಮೂರೂ ಆಗ್ಯಾವಲ್ಲಮ್ಮ! ಮತ್ಯಾಕ ತಂದಿ? ಸರಿ ಸರಿ, ಹಿಂದಿನವರು ಬರ್ರಿ."

ಇವನು ಅವನಲ್ಲ, ಇವನು ಇನ್ನೊಬ್ಬ ಎನ್ನಲು ಎಷ್ಟು ಹೊತ್ತು ಬೇಕು? ಮುದಕಮ್ಮ ನಿಂತಲ್ಲೇ ನಿಂತಳು. ಹಿಂದಿನವರು ನೂಕಿದರು. ಸಾಲಿಯಿಂದ ಹೊರಗೆ ಬಂದಾಗ ಅವಳಿಗೆ ಎದೆಯ ಭಾರ ಇಳಿದಂತಾಯಿತು. ಸೂಜಿಯವಳೇ ಬೇಡ ಎಂದಮೇಲೆ ತನ್ನದೇನು ತಪ್ಪು? ಸರಕಾರದವರ ಬಾಯಲ್ಲೇ ಆಗಿದೆ ಎಂದು ಬಂತಲ್ಲ.

ಸಂಜೆ ಯಮನೂರಮ್ಮ ಕೆಸರುಗಾಲಲ್ಲೇ ಓಡಿ ಬಂದಳು.

"ಆತೇನ್ರಿ ಅತ್ತಿ?"

"ಆಗೈತಂತ."

ಆ ಮಾತಿನ ಕೊನೆಗಿದ್ದ 'ಅಂತ'ವನ್ನು ಕೇಳಿಸಿಕೊಳ್ಳುವಷ್ಟು ವ್ಯವಧಾನ ಸೊಸೆಗಿರಲಿಲ್ಲ. ಮಗನನ್ನು ಕಸಿದುಕೊಂಡು ಮುದ್ದಿಟ್ಟಳು. ಮುಂದಿನ ಎರಡು ತಿಂಗಳೂ ಮುದಕಮ್ಮ ನರ್ಸಮ್ಮ ಬರುವ ದಿನ ಬೆಳಿಗ್ಗೆ ಕೂಸನ್ನು ಹೊತ್ತು ಹೋಗಿ ಮಾರೆವ್ವನ ಕಟ್ಟೆಯ ಮೇಲೆ ಕುಳಿತು ಬಂದಳು. ಒಮ್ಮೆ ಆಗಿದೆ ಎಂದವರನ್ನು ಮತ್ತೆ ಕೇಳುವುದೇನು? ಚೀಟಿ ಎಲ್ಲಿ ಎಂದರೆ "ಅದ ಗೂಡಿನಾಗ ಐತಲ್ಲ" ಎಂದಳು. ಯಮನೂರಮ್ಮನಿಗೆ ಓದು ಬರುತ್ತಿರಲಿಲ್ಲ. ಗೋಡೆಯ ಗೂಡಿನಲ್ಲಿ ಚೀಟಿ ಇತ್ತು, ಅದರ ಮೇಲೆ ಮೂರು ಗುರುತಿದ್ದವು. ಸೂಜಿ ಚುಚ್ಚಿಸಿಕೊಂಡೂ ಮಗನಿಗೆ ಜ್ವರವಿಲ್ಲ, ಬಾವಿಲ್ಲ.

"ನನ್ನ ಮಗ ಭಾಳ ಗಟ್ಟಿ ಯಕ್ಕಾ" ಎಂದು ದುರುಗವ್ವನ ಮುಂದೆ ಜಂಬ ಕೊಚ್ಚಿದಳು. "ನಿನ್ನವನಂಗ ಅಳಬುರಕ ಅಲ್ಲ."

ಜುಲೈ ಎರಡನೇ ವಾರ ಜ್ವರ ಬಂತು. ಹದಿಮೂರು ತಿಂಗಳಿನ ಹುಡುಗ, ಗೋಡೆ ಹಿಡಿದು ನಿಲ್ಲುತ್ತಿದ್ದ. ನಾಲ್ಕನೇ ದಿನ ಜ್ವರ ಬಿಟ್ಟಾಗ ಯಮನೂರಮ್ಮ ಅವನನ್ನು ಎತ್ತಿ ಗೋಡೆಗೆ ನಿಲ್ಲಿಸಿದಳು. ಬಲಗಾಲು ಮಡಚಿಕೊಂಡು ಕುಸಿದ. ಮತ್ತೆ ನಿಲ್ಲಿಸಿದಳು. ಮತ್ತೆ ಕುಸಿದ. ಅವಳು ಕೂಗಿದ ಕೂಗಿಗೆ ಓಣಿಯವರೆಲ್ಲ ಬಂದರು. ಆ ಕಾಲು ಏನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಕೊಪ್ಪಳಕ್ಕೆ ಒಯ್ದರು. ಪಂಪಣ್ಣ ಔಷಧಿ ತರಲು ಹೊರಗೆ ಹೋಗಿದ್ದಾಗ ಡಾಕ್ಟರು ಹನಿ ಹಾಕಿಸಿದ್ದಿರಾ ಎಂದು ಕೇಳಿದರು.

"ಮೂರೂ ಹಾಕಿಸೀವ್ರಿ. ತಪ್ಪಸಿಲ್ಲ." ಸೆರಗಿನ ಗಂಟು ಬಿಚ್ಚಿ ಚೀಟಿ ಕೊಟ್ಟಳು.

ಡಾಕ್ಟರು ಓದಿ ಅವಳ ಮುಖ ನೋಡಿದರು. "ಅಕ್ಟೋಬರ್, ನವೆಂಬರ್, ಡಿಸೆಂಬರ್ ಅಂತ ಐತಿ ಇದರಾಗ. ಯಾವ ತಿಂಗಳ ಹಾಕ್ಸಿದ್ರಿ ನೀವು?"

"ಸಂಕ್ರಾಂತಿ ಮುಗದ ಮ್ಯಾಲ್ರಿ."

"ವಯಸ್ಸು ಒಂದೂವರಿ ವರ್ಷ ಅಂತ ಬರದಾರ. ಇವಗ ಆವಾಗ ನಾಕು ತಿಂಗಳು. ಈ ಚೀಟಿ ಈ ಹುಡುಗಂದಲ್ಲಮ್ಮ."

"ಅಜ್ಜಪ್ಪ ಅಂತ ಇಲ್ಲೇನ್ರಿ ಅದರಾಗ?"

"ಅಜ್ಜಪ್ಪ ಅಂತ ಐತಿ" ಎಂದರು ಡಾಕ್ಟರು. ಮನೆಯಲ್ಲಿ ಇನ್ನೊಬ್ಬ ಅಜ್ಜಪ್ಪ ಇದ್ದಾನೆಯೇ ಎಂದು ಅವರು ಕೇಳಲಿಲ್ಲ, ಅವಳು ಹೇಳಲಿಲ್ಲ. ಅವಳಿಗೆ ಎಲ್ಲ ತಿಳಿದುಹೋಗಿತ್ತು.

ಊರಿಗೆ ಬಂದ ಮೇಲೆ ಪಂಪಣ್ಣ ಸುಮ್ಮನೆ ಕೂರಲಿಲ್ಲ. ರಾಜಾಸಾಬನ ಚಹಾದಂಗಡಿಯಲ್ಲಿ ಕುಳಿತು ಬಂದವರಿಗೆಲ್ಲ ಹೇಳಿದ. "ಒಂದಲ್ಲ, ಮೂರ ಸಲ ಹಾಕ್ಸಿದ್ವಿ. ನಮ್ಮವ್ವನ ಹೊತ್ತುಕೊಂಡು ಹೋಗಿದ್ಲು. ಏನಾತು? ಕಾಲ ಹೋತು." ಕಣ್ಣೆದುರಿಗೆ ಕಾಲು ಬಿದ್ದ ಹುಡುಗನಿರುವಾಗ ಜನ ಇನ್ನಾವ ಸಾಕ್ಷಿ ಕೇಳುತ್ತಾರೆ? ಆಗಸ್ಟಿನಲ್ಲಿ ಸಾಲಿಗೆ ಬಂದ ಕೂಸುಗಳು ಹನ್ನೊಂದು. ಸೆಪ್ಟೆಂಬರಿನಲ್ಲಿ ನಾಲ್ಕು. ಆ ನಾಲ್ಕೂ ತಾಂಡಾದವು.

ಮುದಕಮ್ಮ ದಿನಾ ಬೆಚ್ಚನೆ ಎಣ್ಣೆ ಹಚ್ಚಿ ಹುಡುಗನ ಕಾಲು ತಿಕ್ಕುತ್ತಿದ್ದಳು. ಒಂದು ಮಧ್ಯಾಹ್ನ ಯಮನೂರಮ್ಮ ಎದುರಿಗೆ ಬಂದು ಕುಳಿತಳು.

"ಅತ್ತಿ, ಖರೇ ಹೇಳ್ರಿ. ಇವಗ ಹನಿ ಬಿತ್ತೇನು?"

ತಿಕ್ಕುತ್ತಿದ್ದ ಕೈ ನಿಂತಿತು.

"ಆಕಿನ ಆಗೈತಿ ಅಂದ್ಲು ಯವ್ವ. ಪುಸ್ತಕದಾಗ ಬರದೈತಿ ಅಂದ್ಲು. ನಾ ಹೆಂಗ ಹೇಳ್ಲಿ, ಅವರ ಹೆಸರು ಬಾಯಾಗ ಹೆಂಗ ತರಲಿ?"

"ಹೆಸರ ತರೂದು ಯಾಕ ಬೇಕಿತ್ರಿ? ಇಂವ ಸಣ್ಣಾಂವ ಅಂದ್ರ ಸಾಕಿತ್ತು."

ಮುದಕಮ್ಮ ಹಣೆ ಹಣೆ ಬಡಿದುಕೊಂಡು ಅತ್ತಳು. "ನನಗ ಬ್ಯಾಡಾಗಿತ್ತು ಯಮನೂರಿ. ಬ್ಯಾಡಾಗಿತ್ತು, ಆಕಿನೂ ಬ್ಯಾಡಂದ್ಲು, ಎದ್ದು ಬಂದೆ. ಪಂಪನ ಮುಂದ ಹೇಳಬ್ಯಾಡ. ಸಾಯೂತನ ನನ್ನ ಮುಖ ನೋಡೂದಿಲ್ಲ ಅಂವ."

ಯಮನೂರಮ್ಮನಿಗೆ ಆ ಮುದುಕಿಯ ಕೂದಲು ಹಿಡಿದು ಎಳೆಯಬೇಕೆನ್ನಿಸಿತು. ಎಳೆಯಲಿಲ್ಲ. ಏಳು ತಿಂಗಳ ಬಸುರಿ, ಹೊಟ್ಟೆ ಹಿಡಿದುಕೊಂಡು ಕುಳಿತಿದ್ದಳು.

"ಹೇಳೂದಿಲ್ಲ. ಆದ್ರ ಇದು ಹುಟ್ಟಿದ ಮ್ಯಾಲ ಇದಕ್ಕ ನೀವ ನಿಂತು ಹಾಕಸಬೇಕು. ನಿಮ್ಮ ಮಗಗ ನೀವ ಹೇಳಿ ಒಪ್ಪಸಬೇಕು. ಇವನ ತಲಿ ಮುಟ್ರಿ."

ಮುದಕಮ್ಮ ಎಣ್ಣೆಗೈಯಲ್ಲೇ ಮೊಮ್ಮಗನ ತಲೆ ಮುಟ್ಟಿದಳು.

ದೀಪಾವಳಿಯ ನಂತರ ಹೆಣ್ಣು ಹುಟ್ಟಿತು. ಅಷ್ಟರೊಳಗೆ ವಿರುಪಣ್ಣ ಬದಲಿ ಕೇಳಿ ಹೆಂಡತಿ ಮಗನನ್ನು ಕರೆದುಕೊಂಡು ಮುನಿರಾಬಾದಿನ ಕ್ವಾರ್ಟರ್ಸಿಗೆ ಹೋಗಿದ್ದ. ತನ್ನ ಮಗ ಅಂಗಳದಲ್ಲಿ ಓಡಾಡುವುದನ್ನು ಮೈದುನ ಒಂದು ನಮೂನೆಯಾಗಿ ನೋಡುತ್ತಾನೆಂದು ದುರುಗವ್ವ ಅಂದಿದ್ದಳಂತೆ. ಸುಳ್ಳೇನಲ್ಲ. ಮನೆಯಲ್ಲಿ ಯಮನೂರಮ್ಮನ ಪರವಾಗಿ ಎರಡು ಮಾತಾಡುತ್ತಿದ್ದವರು ಅವರಿಬ್ಬರೇ. ಕೂಸಿಗೆ ಹಾಕಿಸುವ ಮಾತು ಅವಳು ಒಮ್ಮೆ ತೆಗೆದಾಗ ಪಂಪಣ್ಣ ಕೂಗಾಡಲೂ ಇಲ್ಲ. "ಕದ್ದು ಹಾಕ್ಸಿದಿ ಅಂದ್ರ ಆ ಹೆಣ್ಣ ತಗೊಂಡು ತವರಿಗೆ ನಡಿ. ಹುಡುಗ ಇಲ್ಲೇ ಇರತಾನ" ಎಂದ. ಒಂದು ಕಾಲಿನ ಮಗನನ್ನು ಬಿಟ್ಟು ಅವಳು ಎಲ್ಲಿಗೆ ಹೋದಾಳು?

ಸಾಲಿಗೆ ಯಾರೂ ಬರದ್ದರಿಂದ ಮುಮ್ತಾಜಬೇಗಂ ಫೆಬ್ರವರಿಯಲ್ಲಿ ಮನೆಮನೆಗೆ ಹೊರಟಳು. ಬಾಗಿಲಲ್ಲಿ ಪಂಪಣ್ಣ ಅಡ್ಡ ನಿಂತ.

"ಒಂದಕ್ಕ ಹಾಕ್ಸಿ ಕಂಡೀವಿ. ಇದಕ್ಕ ಬ್ಯಾಡ್ರಿ. ಹೋಗ್ರಿ."

ಯಮನೂರಮ್ಮ ಅತ್ತೆಯನ್ನು ನೋಡಿದಳು. ಮುದಕಮ್ಮ ಜೋಳ ಹಸನು ಮಾಡುತ್ತಿದ್ದ ಮೊರ ಕೆಳಗಿಟ್ಟಳು.

"ಹಾಕ್ಸೋ ಪಂಪ" ಎಂದಳು, ಸಣ್ಣ ದನಿಯಲ್ಲಿ.

"ನೀನೂ ಹಂಗ ಅಂತಿಯೇನವ್ವ? ಮೂರ ಸಲ ನೀನ ಹೊತ್ತುಕೊಂಡು ಹೋಗಿದ್ದಿ. ಏನ ಉಪಯೋಗಾತು ಹೇಳು ನೋಡೋಣ."

ಮುದಕಮ್ಮ ಮತ್ತೆ ಮೊರ ಎತ್ತಿಕೊಂಡಳು. ಯಮನೂರಮ್ಮ ಹತ್ತು ಎಣಿಸುವ ತನಕ ಕಾಯಬಹುದಿತ್ತೇನೋ, ಕಾಯಲಿಲ್ಲ.

"ಉಪಯೋಗ ಹೆಂಗಾದೀತ್ರಿ? ಅವಗ ಹಾಕೇ ಇಲ್ಲ. ಒಂದ ಹನೀನೂ ಬಿದ್ದಿಲ್ಲ. ಆ ಚೀಟಿ ಭಾವನ ಮಗಂದು. ಇಬ್ಬರಿಗೂ ಅಜ್ಜಪ್ಪ ಅಂದ್ರು, ನರ್ಸಮ್ಮ ಒಬ್ಬನ ಅಂತ ತಿಳಕೊಂಡ್ಲು. ಅತ್ತಿಗಿ ಗೊತ್ತೈತಿ, ಕೇಳ್ರಿ!"

ಮುಮ್ತಾಜಬೇಗಂ ಗಾಬರಿಯಾಗಿ ಅಲ್ಲೇ ಕಟ್ಟೆಯ ಮೇಲೆ ಪುಸ್ತಕ ಬಿಚ್ಚಿದಳು. ಹಾಳೆ ಹುಡುಕಿ ಬೆರಳಿಟ್ಟು ತೋರಿಸಿದಳು. "ಹೌದಣ್ಣ. ಈ ಮನ್ಯಾಗ ಒಬ್ಬನ ಅಜ್ಜಪ್ಪ ಬರದೀನಿ. ಯಾ ಅಲ್ಲಾ, ಇಬ್ಬರಿದ್ರೇನು?"

ಪಂಪಣ್ಣ ಪುಸ್ತಕದ ಕಡೆ ನೋಡಲಿಲ್ಲ. ನೋಡಿದರೂ ಅವನಿಗೆ ಓದಲು ಬರುತ್ತಿರಲಿಲ್ಲ. "ನಿಮ್ಮ ಪುಸ್ತಕ ನಿಮ್ಮ ಕೈಯಾಗ ಐತಿ, ಏನ ಬೇಕಾದ್ದು ಬರಕೊಂತೀರಿ" ಎಂದ. ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಅವನ ದನಿ ಈಗ ಮೆತ್ತಗಾಗಿತ್ತು.

"ಅವ್ವಾ, ಇವರ್ಯಾರ ಮಾತೂ ನನಗ ಬ್ಯಾಡ. ನೀ ಹೇಳು. ಹನಿ ಹಾಕ್ಸಿದ್ಯೋ ಇಲ್ಲೋ? ನೀ ಇಲ್ಲ ಅಂದ್ರ ಈಗಿಂದೀಗ ಈ ಕೂಸಿಗೆ ಹಾಕಸ್ತೀನಿ."

ಓಣಿಯ ನಾಲ್ಕು ಹೆಂಗಸರು ಬಾಗಿಲ ಹೊರಗೆ ನಿಂತಿದ್ದರು. ಮುಮ್ತಾಜಬೇಗಂ ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡಿದ್ದಳು. ಯಮನೂರಮ್ಮ ಕೂಸನ್ನು ಮಡಿಲಲ್ಲಿ ಸರಿಯಾಗಿ ಹಿಡಿದುಕೊಂಡಳು, ಅದರ ತೊಡೆಯ ಮೇಲಿನ ಬಟ್ಟೆಯನ್ನೂ ಸರಿಸಿದಳು. ಒಂದು ಮಾತು ಬರಬೇಕಾಗಿತ್ತು ಅಷ್ಟೇ.

ಮುದಕಮ್ಮ ಮಗನ ಮುಖವನ್ನು ನೋಡಿದಳು. ಎಂಟರಲ್ಲಿ ಉಳಿದ ಎರಡು, ಎರಡರಲ್ಲಿ ಮನೆಯಲ್ಲಿ ಉಳಿದ ಒಂದು.

"ನನಗ ನೆನಪಿಲ್ಲೋ ಯಪ್ಪಾ" ಎಂದಳು. "ವಯಸ್ಸಾತು."

ಪಂಪಣ್ಣ ಎದ್ದು ನಿಂತ. "ಕೇಳಿದ್ರಲ್ಲ? ಹೋಗ್ರಿ."

ಹಿಟ್ನಾಳಕ್ಕೆ ಹೋಗುವ ಬಸ್ಸು ಹನ್ನೆರಡಕ್ಕಿತ್ತು. ಮುಮ್ತಾಜಬೇಗಂ ಪುಸ್ತಕ ಮುಚ್ಚಿ, ಡಬ್ಬಿ ಹೆಗಲಿಗೆ ಹಾಕಿಕೊಂಡು ಮುಂದಿನ ಮನೆಗೆ ಹೋದಳು. ಅಲ್ಲಿ ಆಗಲೇ ಬಾಗಿಲು ಹಾಕಿದ್ದರು.

ಮಧ್ಯಾಹ್ನ ಯಮನೂರಮ್ಮ ರೊಟ್ಟಿ ಮಾಡಿ ಗಂಡನಿಗೆ ಬಡಿಸಿದಳು, ಮಗನಿಗೆ ಹಾಲಿನಲ್ಲಿ ಕಿವುಚಿ ತಿನ್ನಿಸಿದಳು. ಅತ್ತೆಗೆ ಬಾ ಎನ್ನಲಿಲ್ಲ. ಪಂಪಣ್ಣ ಹೊಲಕ್ಕೆ ಹೋದ ಮೇಲೆ ಮುದಕಮ್ಮ ತಾನೇ ಒಲೆಯ ಹತ್ತಿರ ಬಂದು ಕುಳಿತಳು.

"ಬರೋ ತಿಂಗಳ ಹೇಳ್ತೀನವ್ವ ಅವಗ. ಖರೇನ ಹೇಳ್ತೀನಿ. ನಾಕು ಮಂದಿ ಮುಂದ ಹೆಂಗ ಹೇಳ್ಲಿ ಅಂತ ಸುಮ್ಮನಾದೆ."

ಯಮನೂರಮ್ಮ ಒಲೆಗೆ ನೀರು ಚಿಮುಕಿಸಿ ಕೂಸನ್ನು ಎತ್ತಿಕೊಂಡು ಎದ್ದಳು. ಬರುವ ತಿಂಗಳು ಮುಮ್ತಾಜಬೇಗಂ ಊರಿಗೆ ಬಂದಳು, ತಾಂಡಾಕ್ಕೂ ಹೋದಳು. ಆ ಓಣಿಗೆ ಬರಲಿಲ್ಲ. ಎಲ್ಲರೂ ಬೇಡವೆಂದ ಮೇಲೆ ಅಲ್ಲಿ ಹಾಕಿಸಿಕೊಳ್ಳುವ ಕೂಸುಗಳು ಯಾವುವೂ ಅವಳ ಪುಸ್ತಕದಲ್ಲಿ ಉಳಿದಿರಲಿಲ್ಲ.